ಕುಲಾಂತರಿ ಬೆಳೆಗೆ ಒಪ್ಪಿಗೆ ಕೊಡುವವರು ಯಾರು? ದಿಲ್ಲಿ, ರಾಜ್ಯ, ಜಿಲ್ಲೆ, ಪಂಚಾಯಿತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಲಾಂತರಿ ಬೆಳೆ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳ ಎಲ್ಲ ಕಡೆ ಇದೆ. ಅದನ್ನು ತೀರ್ಮಾನ ಮಾಡುವ ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದು ಮಾತ್ರ ಸುಮಾರು ಜನಕ್ಕೆ ಗೊತ್ತಿಲ್ಲ. ಹತ್ತಿ ಬೆಳೆಯುವವರು, ಬೀಜದಂಗಡಿಯವರು, ಕೃಷಿ ಓದುವ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನ ಅಭಿಪ್ರಾಯ ಬಂದ ಕಡೆ ನೇರವಾಗಿಯೇ ಹೇಳಿದ್ದೇನೆ.

ಕುಲಾಂತರಿ ಅಂದರೆ ಹೈಬ್ರಿಡ್ ತಾನೆ?

ಅಲ್ಲ. ಹೈಬ್ರಿಡ್ ಅಂದರೆ ಒಂದೇ ಜಾತಿಯ ಎರಡು ತಳಿಗಳನ್ನು ಪರಾಗಸ್ಪರ್ಶ ಮಾಡಿಸಿ ತೆಗೆದ ಬೀಜ. ಕುಲಾಂತರಿಯಲ್ಲಿ ಬೇರೆ ಜೀವಿಯ ಜೀನನ್ನು, ಅಂದರೆ ವಂಶವಾಹಿಯನ್ನು, ಪ್ರಯೋಗಾಲಯದಲ್ಲಿ ಗಿಡದೊಳಗೆ ಸೇರಿಸುತ್ತಾರೆ. ಬಿಟಿ ಹತ್ತಿಯಲ್ಲಿರುವುದು ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಚಿಕ್ಕದಾಗಿ ಬಿಟಿ) ಅನ್ನುವ ಬ್ಯಾಕ್ಟೀರಿಯಾದ ಜೀನು. ಆ ಗಿಡ ತಿಂದ ಕಾಯಿಕೊರಕದ ಹುಳು ಸಾಯುತ್ತದೆ. ನಮ್ಮಲ್ಲಿ ಮಾರುವ ಬಿಟಿ ಹತ್ತಿ ಹೆಚ್ಚಾಗಿ ಹೈಬ್ರಿಡ್ ಬೀಜದಲ್ಲೇ ಬರುತ್ತದೆ, ಅದಕ್ಕೇ ಎರಡೂ ಒಂದೇ ಅನ್ನುವ ಗೊಂದಲ.

ಹಾಗಾದರೆ ಮಾರ್ಕೆಟ್ಟಿನ ಪಪ್ಪಾಯಿ, ಬೀಜ ಇಲ್ಲದ ಕಲ್ಲಂಗಡಿ?

ಕುಲಾಂತರಿ ಅಲ್ಲ. ರೆಡ್ ಲೇಡಿ ಪಪ್ಪಾಯಿ ತೈವಾನಿನಿಂದ ಬಂದ ಹೈಬ್ರಿಡ್. ನಮ್ಮ ದೇಶದ ರೈತರಿಗೆ ಬೆಳೆಯಲು ಪೂರ್ತಿ ಒಪ್ಪಿಗೆ ಸಿಕ್ಕಿ, ಅಂಗಡಿಯಲ್ಲಿ ಬೀಜ ಸಿಗುವ ಕುಲಾಂತರಿ ಬೆಳೆ ಇವತ್ತಿಗೂ ಒಂದೇ: ಹತ್ತಿ. 2002ರ ಮಾರ್ಚ್‌ನಲ್ಲಿ ಮೊದಲ ಒಪ್ಪಿಗೆ ಸಿಕ್ಕಿತು, ಆರು ರಾಜ್ಯಗಳಿಗೆ. ಕರ್ನಾಟಕವೂ ಅದರಲ್ಲಿತ್ತು. ಈಗ ದೇಶದ ಹತ್ತಿ ಹೊಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬಿಟಿಯೇ ಇದೆ.

ಇದಕ್ಕೆ ಯಾವ ಕಾನೂನು?

ಕುಲಾಂತರಿಗೆ ಅಂತಲೇ ಸಂಸತ್ತು ಪಾಸು ಮಾಡಿದ ಕಾನೂನು ಇಲ್ಲ. 1984ರ ಭೋಪಾಲ ಅನಿಲ ದುರಂತ ಆದಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಕೆಳಗೆ 1989ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಜೀವಿಗಳ ತಯಾರಿಕೆ, ಬಳಕೆ, ಆಮದು, ರಫ್ತು, ದಾಸ್ತಾನಿಗೆ ನಿಯಮ ಹೊರಡಿಸಿತು. ಇವತ್ತಿಗೂ ಎಲ್ಲ ನಡೆಯುವುದು ಆ ನಿಯಮದ ಮೇಲೇ. 2013ರಲ್ಲಿ ಇದೆಲ್ಲವನ್ನೂ ದಿಲ್ಲಿಯ ಒಂದೇ ಪ್ರಾಧಿಕಾರದ ಕೈಗೆ ಕೊಡುವ ಮಸೂದೆ ಲೋಕಸಭೆಗೆ ಬಂದಿತ್ತು. ಚುನಾವಣೆ ಬಂದು ಅದು ಬಿದ್ದುಹೋಯಿತು.

ಕೃಷಿ ರಾಜ್ಯದ ವಿಷಯ ಅಲ್ವಾ? ದಿಲ್ಲಿ ಹೇಗೆ ತೀರ್ಮಾನ ಮಾಡುತ್ತದೆ?

ಬಹಳ ಒಳ್ಳೆಯ ಪ್ರಶ್ನೆ, ಇಡೀ ಜಗಳದ ಬೇರು ಇಲ್ಲೇ ಇದೆ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 14ನೇ ನಮೂದು ನೋಡಿ. ಕೃಷಿ, ಕೃಷಿ ಶಿಕ್ಷಣ, ಕೃಷಿ ಸಂಶೋಧನೆ, ಕೀಟದಿಂದ ಬೆಳೆ ಕಾಪಾಡುವುದು ಎಲ್ಲವೂ ರಾಜ್ಯಕ್ಕೆ ಸೇರಿದ್ದು ಅಂತ ಇದೆ. ಕಾಯಿಕೊರಕದಿಂದ ಹತ್ತಿ ಕಾಪಾಡುವುದಕ್ಕಿಂತ ಕೃಷಿಯ ಕೆಲಸ ಇನ್ನೇನಿದೆ?

ಆದರೆ 253ನೇ ವಿಧಿ ಪ್ರಕಾರ, ಅಂತರರಾಷ್ಟ್ರೀಯ ಒಪ್ಪಂದ ಅಥವಾ ಸಮ್ಮೇಳನದ ತೀರ್ಮಾನ ಜಾರಿ ಮಾಡಲು ಸಂಸತ್ತು ಯಾವ ವಿಷಯದ ಮೇಲೆ ಬೇಕಾದರೂ ಕಾನೂನು ಮಾಡಬಹುದು, ಅದು ರಾಜ್ಯದ ವಿಷಯವಾದರೂ ಸರಿ. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಪರಿಸರ ಸಮ್ಮೇಳನದ ಹೆಸರು ಹೇಳಿಯೇ 1986ರ ಕಾಯ್ದೆ ಮಾಡಿದರು. ಹಾಗಾಗಿ ಬೀಜದೊಳಗಿನ ಜೀನು ಪರಿಸರದ ವಿಷಯ ಆಯಿತು, ಕೇಂದ್ರದ ಕೈಗೆ ಹೋಯಿತು. ಆ ಬೀಜ ಬಿತ್ತಿದ ಹೊಲ ಮಾತ್ರ ರಾಜ್ಯದ ಹತ್ತಿರವೇ ಉಳಿಯಿತು. ಬೆಳೆ ಹೋದರೆ ರೈತ ಬಂದು ನಿಲ್ಲುವುದು ತಾಲ್ಲೂಕಿನ ಕೃಷಿ ಅಧಿಕಾರಿಯ ಮುಂದೆ, ದಿಲ್ಲಿಯ ಪರಿಸರ ಭವನದ ಮುಂದೆ ಅಲ್ಲ.

ಎಷ್ಟು ಸಮಿತಿಗಳಿವೆ? ಯಾರು ಏನು ಮಾಡುತ್ತಾರೆ?

1989ರ ನಿಯಮದಲ್ಲಿ ಆರು. ಒಂದು ಬರೀ ಸಲಹೆ ಕೊಡುವಂಥದ್ದು, ಅದನ್ನು ಬಿಡಿ. ಸಂಶೋಧನೆ ಮಾಡುವ ಕಂಪನಿ ಅಥವಾ ವಿಶ್ವವಿದ್ಯಾಲಯದೊಳಗೇ ಒಂದು ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಅದರ ಮೇಲೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯಲ್ಲಿ ಆರ್‌ಸಿಜಿಎಂ ಅನ್ನುವ ಸಮಿತಿ ಇದೆ, ಪ್ರಯೋಗಾಲಯದ ಕೆಲಸ ಮತ್ತು ಶುರುವಿನ ಪರೀಕ್ಷೆಗಳನ್ನು ಅದು ನೋಡಿಕೊಳ್ಳುತ್ತದೆ. ಅದರ ಮೇಲೆ ಪರಿಸರ ಸಚಿವಾಲಯದ ಜಿಇಎಸಿ ಅನ್ನುವ ಸಮಿತಿ. ದೊಡ್ಡ ತೀರ್ಮಾನ ಎಲ್ಲ ಇಲ್ಲೇ. ಮೊದಲು ಇದರ ಹೆಸರಲ್ಲಿ ‘ಅನುಮೋದನಾ ಸಮಿತಿ’ ಅಂತ ಇತ್ತು, 2010ರಲ್ಲಿ ‘ಮೌಲ್ಯಮಾಪನ ಸಮಿತಿ’ ಅಂತ ಬದಲಾಯಿಸಿದರು, ಯಾಕೆಂದರೆ ಬಿಟಿ ಬದನೆಯ ಗಲಾಟೆ (ಅದನ್ನು ಮುಂದೆ ಹೇಳುತ್ತೇನೆ) ಆದಮೇಲೆ ಕೊನೆಯ ಮಾತು ಸರ್ಕಾರದ್ದೇ ಇರಲಿ ಅಂತಾಯಿತು.

ಉಳಿದ ಎರಡು ಸಮಿತಿ ಕೆಳಗಿನವು. ರಾಜ್ಯ ಮಟ್ಟದ್ದಕ್ಕೆ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರು. ಜಿಲ್ಲಾ ಮಟ್ಟದ್ದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು.

ಜಿಲ್ಲಾ ಮಟ್ಟದ ಸಮಿತಿಯಾ? ನಾವು ಕೇಳಿಯೇ ಇಲ್ಲವಲ್ಲ.

ಕೇಳಿರುವವರು ಕಮ್ಮಿ. ನನ್ನ ಇಡೀ ಬರಹದ ಮುಖ್ಯ ಮಾತೂ ಇದೇ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಯಮದ ಪ್ರಕಾರ ರಾಜ್ಯ ಸಮಿತಿಗೆ ತಪಾಸಣೆ ಮಾಡುವ, ತನಿಖೆ ಮಾಡುವ, ತಪ್ಪು ಮಾಡಿದವರ ಮೇಲೆ ಕ್ರಮ ತೆಗೆದುಕೊಳ್ಳುವ ಅಧಿಕಾರ ಇದೆ. ಜಿಲ್ಲಾ ಸಮಿತಿ ಜಿಲ್ಲೆಯೊಳಗೆ ಸುರಕ್ಷತಾ ನಿಯಮ ಪಾಲನೆ ಆಗುತ್ತಿದೆಯಾ ಅಂತ ನೋಡಬೇಕು, ಅವಘಡ ಆದರೆ ಏನು ಮಾಡಬೇಕು ಅನ್ನುವ ಯೋಜನೆ ಇಟ್ಟುಕೊಂಡಿರಬೇಕು. ಈಗ ಆ ಸಮಿತಿಯಲ್ಲಿ ಯಾರ‍್ಯಾರಿದ್ದಾರೆ ನೋಡಿ. ಜಿಲ್ಲಾಧಿಕಾರಿ, ಕಾರ್ಖಾನೆ ಇನ್‌ಸ್ಪೆಕ್ಟರ್, ಮಾಲಿನ್ಯ ನಿಯಂತ್ರಣ ಮಂಡಳಿಯವರೊಬ್ಬರು, ಜಿಲ್ಲಾ ಆರೋಗ್ಯಾಧಿಕಾರಿ, ಜಿಲ್ಲಾ ಕೃಷಿ ಅಧಿಕಾರಿ, ನೀರು ಸರಬರಾಜಿನ ಎಂಜಿನಿಯರಿಂಗ್ ಇಲಾಖೆಯವರು, ಒಬ್ಬ ಸೂಕ್ಷ್ಮಜೀವಿ ತಜ್ಞ, ನಗರಪಾಲಿಕೆ ಆಯುಕ್ತರು. ಸಮಿತಿಯನ್ನು ಸೇರಿಸುವ ಹೊಣೆ ಆರೋಗ್ಯಾಧಿಕಾರಿಯದು.

ಈ ಪಟ್ಟಿ ಓದಿದರೆ ಗೊತ್ತಾಗುತ್ತದೆ, ಬರೆದವರ ಕಣ್ಣ ಮುಂದೆ ಇದ್ದದ್ದು ಕಾರ್ಖಾನೆ, ಹೊಲ ಅಲ್ಲ. ಔಷಧ ಕಾರ್ಖಾನೆಯಲ್ಲಿ ಸೂಕ್ಷ್ಮಜೀವಿ ಇಟ್ಟ ಟ್ಯಾಂಕು ಸೋರಿದರೆ ಏನು ಮಾಡುವುದು ಅನ್ನುವುದಕ್ಕೆ ಇದು ಸರಿಯಾದ ತಂಡ. ಲಕ್ಷಾಂತರ ಎಕರೆಯಲ್ಲಿ ಹರಡಿರುವ ಬೆಳೆಗೆ ಈ ತಂಡ ಸಾಲದು. ರೈತರಿಲ್ಲ, ಜಿಲ್ಲಾ ಪಂಚಾಯಿತಿಯವರಿಲ್ಲ, ಗ್ರಾಮ ಪಂಚಾಯಿತಿಯವರಂತೂ ಇಲ್ಲವೇ ಇಲ್ಲ. ಹೊಸ ಸಿಬ್ಬಂದಿಯೂ ಇಲ್ಲ, ಇರುವ ಅಧಿಕಾರಿಗಳಿಗೇ ಇನ್ನೊಂದು ಜವಾಬ್ದಾರಿ. ಜಿಲ್ಲಾಧಿಕಾರಿಗೆ ಬರಗಾಲ, ಚುನಾವಣೆ, ಪಡಿತರ, ಕಾನೂನು ಸುವ್ಯವಸ್ಥೆ ಎಲ್ಲ ಮುಗಿದಮೇಲೆ ಇದಕ್ಕೆ ಸಮಯ ಎಲ್ಲಿಂದ ಬರಬೇಕು? ಇಂಥ ಸಮಿತಿಗಳು ಎಷ್ಟೋ ಕಡೆ ಕಾಗದದ ಮೇಲಷ್ಟೇ ಉಳಿದವು ಅನ್ನುವ ದೂರು ವರ್ಷಗಳಿಂದ ಇದೆ. ಮೇಲಿನ ಸಮಿತಿ ಎಷ್ಟೇ ಕಟ್ಟುನಿಟ್ಟಿನ ಷರತ್ತು ಹಾಕಲಿ, ಕೆಳಗೆ ನೋಡುವ ಕಣ್ಣಿಲ್ಲದಿದ್ದರೆ ಆ ಷರತ್ತು ಫೈಲಿನಲ್ಲೇ ಇರುತ್ತದೆ.

ಹಾಗೆ ಆಗಿರುವ ಉದಾಹರಣೆ ಇದೆಯಾ?

ಇದೆ, ಅದೂ ಶುರುವಿನಲ್ಲೇ. 2001ರಲ್ಲಿ ಬಿಟಿ ಹತ್ತಿಗೆ ಇನ್ನೂ ಒಪ್ಪಿಗೆಯೇ ಸಿಕ್ಕಿರಲಿಲ್ಲ. ಆ ವರ್ಷ ಗುಜರಾತಿನಲ್ಲಿ ಕಾಯಿಕೊರಕ ಜೋರಾಗಿತ್ತು. ನವಭಾರತ 151 ಅನ್ನುವ ಹೈಬ್ರಿಡ್ ಹಾಕಿದ ಹೊಲಗಳು ಮಾತ್ರ ಚೆನ್ನಾಗಿ ನಿಂತಿದ್ದವು. ಪರೀಕ್ಷೆ ಮಾಡಿ ನೋಡಿದರೆ ಅದರಲ್ಲಿ ಬಿಟಿ ಜೀನು! ಸಾವಿರಾರು ಎಕರೆಯಲ್ಲಿ ಆಗಲೇ ಬೆಳೆದು ನಿಂತಿತ್ತು. ಬೆಳೆ ಕಿತ್ತು ಸುಡಿ ಅಂತ ಜಿಇಎಸಿ ಆದೇಶ ಮಾಡಿತು. ಸುಡಬೇಕಾದ್ದು ಯಾರು? ರಾಜ್ಯ ಸರ್ಕಾರ. ಒಳ್ಳೆಯ ಬೆಳೆ ಬಂದ ರೈತನ ಹೊಲಕ್ಕೆ ಬೆಂಕಿ ಇಡುವುದಕ್ಕೆ ಯಾವ ರಾಜ್ಯ ಸರ್ಕಾರ ಮುಂದೆ ಬರುತ್ತದೆ? ಹತ್ತಿ ಬಿಡಿಸಿ ಮಾರಿಯೂ ಆಯಿತು. ಮುಂದಿನ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಅಧಿಕೃತ ಒಪ್ಪಿಗೆ ಬಂತು.

ನಮ್ಮ ರಾಜ್ಯದಲ್ಲಿ ಇದಕ್ಕೂ ಮೊದಲೇ, 1998ರ ನವೆಂಬರ್‌ನಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನಾಯಕತ್ವದಲ್ಲಿ ರೈತ ಸಂಘದವರು ರಾಯಚೂರು ಜಿಲ್ಲೆಯಲ್ಲಿ ಪ್ರಯೋಗಕ್ಕೆ ಹಾಕಿದ್ದ ಹತ್ತಿ ಗಿಡ ಕಿತ್ತು ಸುಟ್ಟಿದ್ದರು. ಬೆಳೆ ಸುಡುವುದು ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ಊರವರಿಗೆ ತಿಳಿಸದೆ ಪ್ರಯೋಗ ಮಾಡಿದರೆ ನಂಬಿಕೆ ಹೇಗೆ ಮುರಿಯುತ್ತದೆ ಅನ್ನುವುದಕ್ಕೆ ಅದು ದೊಡ್ಡ ಪಾಠವಾಗಿತ್ತು.

ಬಿಟಿ ಬದನೆ ಯಾಕೆ ನಿಂತಿತು? ವಿಜ್ಞಾನಿಗಳು ಒಪ್ಪಿದ್ದರಲ್ಲ?

2009ರ ಅಕ್ಟೋಬರ್ 14ಕ್ಕೆ ಜಿಇಎಸಿ ಹಸಿರು ನಿಶಾನೆ ಕೊಟ್ಟಿತ್ತು, ನಿಜ. ಆಗ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ತಕ್ಷಣ ಸಹಿ ಹಾಕಲಿಲ್ಲ. ಕೋಲ್ಕತಾ, ಭುವನೇಶ್ವರ, ಅಹಮದಾಬಾದ್, ನಾಗಪುರ, ಚಂಡೀಗಢ, ಹೈದರಾಬಾದ್, ಬೆಂಗಳೂರು ಹೀಗೆ ಏಳು ಊರುಗಳಲ್ಲಿ ಸಾರ್ವಜನಿಕ ಸಭೆ ಮಾಡಿದರು. ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಜೊತೆಗೆ ಮುಖ್ಯಮಂತ್ರಿಗಳಿಗೂ ಪತ್ರ ಬರೆದು ಅಭಿಪ್ರಾಯ ಕೇಳಿದ್ದರು. ಆಂಧ್ರ, ಕೇರಳ, ಬಿಹಾರ, ಪಶ್ಚಿಮ ಬಂಗಾಳ, ಒಡಿಶಾ, ಛತ್ತೀಸಗಢ, ಮಧ್ಯಪ್ರದೇಶ, ಉತ್ತರಾಖಂಡದವರು ಬೇಡ ಅಂದರು ಇಲ್ಲವೇ ಅವಸರ ಮಾಡಬೇಡಿ ಅಂದರು. ಕರ್ನಾಟಕದಿಂದ ಹೋದ ಉತ್ತರದಲ್ಲೂ ಎಲ್ಲ ಕೋನದಿಂದ ಪರೀಕ್ಷೆ ಆಗುವವರೆಗೆ ಮುಂದೂಡಿ ಅಂತ ಇತ್ತು. ಬೇರೆ ಬೇರೆ ಪಕ್ಷದ ಸರ್ಕಾರಗಳು ಒಂದೇ ಮಾತು ಹೇಳಿದ್ದು ಅಪರೂಪ. ಫೆಬ್ರವರಿ 9ಕ್ಕೆ ಬದನೆಗೆ ತಡೆ ಬಿತ್ತು. ಇವತ್ತಿಗೂ ತೆಗೆದಿಲ್ಲ. ಪಕ್ಕದ ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟು, 2014ರಿಂದ ಬೆಳೆಯುತ್ತಿದೆ.

ಇಲ್ಲಿ ನನಗೆ ಮುಖ್ಯ ಅನಿಸುವುದು ಒಂದೇ. ರಾಜ್ಯಗಳ ಮಾತಿಗೆ ಬೆಲೆ ಸಿಕ್ಕಿತು ಸರಿ, ಆದರೆ ಅದು ಒಬ್ಬ ಸಚಿವರು ಕೇಳಿದ್ದರಿಂದ. ಕೇಳಲೇಬೇಕು ಅಂತ ನಿಯಮದಲ್ಲಿ ಎಲ್ಲೂ ಇರಲಿಲ್ಲ. ಬೇರೆ ಸಚಿವರಾಗಿದ್ದರೆ ಕೇಳದೇ ಇರಬಹುದಿತ್ತು.

ಬಿಟಿ ಬದನೆಗೂ ಉಡುಪಿ ಗುಳ್ಳಕ್ಕೂ ಏನು ಸಂಬಂಧ?

ಇದು ನಮ್ಮದೇ ಕಥೆ. ಬಿಟಿ ಜೀನನ್ನು ಕಂಪನಿಯ ಹೈಬ್ರಿಡ್‌ಗಳಿಗೆ ಮಾತ್ರ ಸೇರಿಸಿರಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ನಮ್ಮ ಊರುಗಳ ತಳಿಗಳಿಗೂ ಸೇರಿಸಿದರು. ಆ ಪಟ್ಟಿಯಲ್ಲಿ ಮಲಾಪುರ ಲೋಕಲ್ ಇತ್ತು, ಕುಡಚಿ ಲೋಕಲ್ ಇತ್ತು, ಉಡುಪಿ ಗುಳ್ಳವೂ ಇತ್ತು. ಗುಂಡಗೆ, ತಿಳಿಹಸಿರು ಗೆರೆ ಇರುವ, ಸಾಂಬಾರಿನಲ್ಲಿ ಬೆಣ್ಣೆ ಹಾಗೆ ಬೇಯುವ ಆ ಗುಳ್ಳವನ್ನು ತಲೆಮಾರುಗಳಿಂದ ಬೀಜ ಉಳಿಸಿಕೊಂಡು ಬಂದವರು ಮಟ್ಟು ಊರಿನ ಸುತ್ತಮುತ್ತಲ ರೈತರು.

2002ರ ಜೀವವೈವಿಧ್ಯ ಕಾಯ್ದೆ ಇಲ್ಲಿ ಬರುತ್ತದೆ. ಇದಕ್ಕೂ ಮೂರು ಮಟ್ಟ ಇದೆ: ಚೆನ್ನೈನಲ್ಲಿ ರಾಷ್ಟ್ರೀಯ ಪ್ರಾಧಿಕಾರ, ಪ್ರತಿ ರಾಜ್ಯಕ್ಕೊಂದು ಮಂಡಳಿ, ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ. ಊರಿನ ತಳಿಯನ್ನು ಬಳಸುವ ತೀರ್ಮಾನ ಮಾಡುವಾಗ ಮೇಲಿನವರು ಆ ಸ್ಥಳೀಯ ಸಮಿತಿಯನ್ನು ಕೇಳಲೇಬೇಕು ಅಂತ 41ನೇ ಸೆಕ್ಷನ್ ಹೇಳುತ್ತದೆ. ಬದನೆ ತಳಿಗಳ ವಿಷಯದಲ್ಲಿ ಹಾಗೆ ಒಪ್ಪಿಗೆ ಪಡೆದಿಲ್ಲ ಅಂತ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ರಾಜ್ಯ ಮಂಡಳಿಗೆ ದೂರು ಕೊಟ್ಟಿತು. 2011ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿ, ವಿಷಯ ಧಾರವಾಡದ ಕೋರ್ಟಿಗೂ ಹೋಯಿತು.

ಒಂದೇ ಬದನೆಕಾಯಿ, ಎರಡು ಕಾನೂನು. ಜೀನಿನ ಸುರಕ್ಷತೆ ನೋಡುವವರು ಬೇರೆ, ತಳಿ ಯಾರದ್ದು ಅಂತ ನೋಡುವವರು ಬೇರೆ. ಒಬ್ಬರು ಒಪ್ಪಿಗೆ ಕೊಡುವಾಗ ಇನ್ನೊಬ್ಬರನ್ನು ಕೇಳುವ ಪದ್ಧತಿ ಇಲ್ಲದಿದ್ದರೆ ಹೀಗೇ ಆಗುವುದು.

ಎನ್‌ಒಸಿ ಅಂತಾರಲ್ಲ, ಅದೇನು?

ಹೊಲದಲ್ಲಿ ಕುಲಾಂತರಿ ಪ್ರಯೋಗ ಮಾಡಬೇಕಾದರೆ ಆ ರಾಜ್ಯ ಸರ್ಕಾರ ಕೊಡಬೇಕಾದ ನಿರಾಕ್ಷೇಪಣಾ ಪತ್ರ. 2011ರಲ್ಲಿ ಬಿಹಾರದಲ್ಲಿ ಕುಲಾಂತರಿ ಮೆಕ್ಕೆಜೋಳದ ಪ್ರಯೋಗ ನಡೆಯುತ್ತಿದೆ ಅಂತ ಗೊತ್ತಾದಾಗ, ನಮ್ಮನ್ನು ಕೇಳದೆ ಹೇಗೆ ಮಾಡಿದಿರಿ ಅಂತ ಮುಖ್ಯಮಂತ್ರಿ ನಿತೀಶ್ ಕುಮಾರ್ ದಿಲ್ಲಿಗೆ ಪತ್ರ ಬರೆದರು. ಅದಾದಮೇಲೆ ರಾಜ್ಯದ ಎನ್‌ಒಸಿ ಇಲ್ಲದೆ ಪ್ರಯೋಗ ಇಲ್ಲ ಅಂತಾಯಿತು. ನೆನಪಿಡಿ, ಇದು ಜಿಇಎಸಿ ಮಾಡಿಕೊಂಡ ತೀರ್ಮಾನ. ಕಾಯ್ದೆಯಲ್ಲಿ ಬರೆದಿರುವ ಹಕ್ಕಲ್ಲ.

ಆದರೂ ಕೆಲಸ ಮಾಡುತ್ತದೆ. ಕೇರಳದ ಕೊಟ್ಟಾಯಂ ಹತ್ತಿರದ ರಬ್ಬರ್ ಸಂಶೋಧನಾ ಸಂಸ್ಥೆ ಕುಲಾಂತರಿ ರಬ್ಬರ್ ಗಿಡ ತಯಾರಿಸಿತು. ಕೇರಳ ಸರ್ಕಾರ ತನ್ನ ನೆಲದಲ್ಲಿ ನೆಡಲು ಒಪ್ಪಲಿಲ್ಲ. ಕೊನೆಗೆ ಗಿಡ ನೆಟ್ಟಿದ್ದು ಅಸ್ಸಾಮಿನಲ್ಲಿ, ಗುವಾಹಟಿ ಹತ್ತಿರ, 2021ರ ಜೂನ್‌ನಲ್ಲಿ. ಇನ್ನೊಂದು: ಗುಲಾಬಿ ಕಾಯಿಕೊರಕ ತಡೆಯುವ ಹೊಸ ಹತ್ತಿಯ ಪ್ರಯೋಗಕ್ಕೆ ಜಿಇಎಸಿ ಕೆಲವು ರಾಜ್ಯಗಳನ್ನು ಕೇಳಿದಾಗ ಹರಿಯಾಣ ಒಪ್ಪಿತು, ತೆಲಂಗಾಣ, ಗುಜರಾತ್ ಒಪ್ಪಲಿಲ್ಲ.

ಇಲ್ಲಿ ರಾಜ್ಯಗಳಿಗೂ ಒಂದು ಮಾತು ಹೇಳಲೇಬೇಕು. ಬೇಡ ಅನ್ನುವ ಹಕ್ಕಿದ್ದರೆ ಯಾಕೆ ಬೇಡ ಅಂತ ಬರೆದು ಹೇಳುವ ಜವಾಬ್ದಾರಿಯೂ ಇದೆ. ಒಂದು ಸಾಲಿನ ಉತ್ತರ ಕಳಿಸಿ ಸುಮ್ಮನಾದರೆ, ರಾಜ್ಯಗಳಿಗೆ ವಿಜ್ಞಾನ ಅರ್ಥ ಆಗುವುದಿಲ್ಲ ಅನ್ನುವವರಿಗೆ ನಾವೇ ಮಾತಾಡಲು ಅವಕಾಶ ಕೊಟ್ಟಂತೆ.

ಪ್ರಯೋಗ ಎಷ್ಟು ದೊಡ್ಡದಿರುತ್ತದೆ?

ಮೊದಲ ಹಂತದಲ್ಲಿ ಒಂದು ಜಾಗದಲ್ಲಿ ಒಂದು ಎಕರೆ ಮೀರುವ ಹಾಗಿಲ್ಲ, ಎರಡನೇ ಹಂತದಲ್ಲಿ ಎರಡೂವರೆ ಎಕರೆ. ಅಕ್ಕಪಕ್ಕದ ಅದೇ ಜಾತಿ ಬೆಳೆಯಿಂದ ದೂರ ಬಿಡಬೇಕು, ಎಷ್ಟು ದೂರ ಅನ್ನುವುದು ಬೆಳೆ ಮೇಲೆ ಹೋಗುತ್ತದೆ. ಮುಗಿದಮೇಲೆ ಗಿಡಗಳನ್ನು ನಾಶ ಮಾಡಬೇಕು, ಉದುರಿದ ಬೀಜ ಮೊಳೆತು ಬರುತ್ತದಾ ಅಂತ ಆಮೇಲೂ ನೋಡುತ್ತಿರಬೇಕು.

ಒಂದು ರಾಜ್ಯ ಪೂರ್ತಿ ನಿಷೇಧ ಮಾಡಬಹುದಾ?

ಪ್ರಯೋಗವನ್ನು ತಡೆಯಬಹುದು, ಮೇಲೆ ಹೇಳಿದ ಹಾಗೆ. ಆದರೆ ಕೇಂದ್ರ ಪೂರ್ತಿ ಬಿಡುಗಡೆಗೆ ಒಪ್ಪಿದ ಬೆಳೆಯನ್ನು ನಮ್ಮಲ್ಲಿ ಬೇಡ ಅನ್ನಲು ರಾಜ್ಯಕ್ಕೆ ಸ್ಪಷ್ಟ ದಾರಿ 1989ರ ನಿಯಮದಲ್ಲಿಲ್ಲ. ರಾಜ್ಯದ ಕೈಯಲ್ಲಿರುವ ಹಿಡಿತ ಬೀಜ ಮಾರಾಟದ ಪರವಾನಗಿ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಅಂಗಡಿಯವರಿಗೆ ಲೈಸೆನ್ಸ್ ಕೊಡುವುದು, ರದ್ದು ಮಾಡುವುದು ರಾಜ್ಯ ನೇಮಿಸಿದ ಅಧಿಕಾರಿ. 2012ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಹತ್ತಿ ಬೀಜ ಕಾಯ್ದೆ ಬಳಸಿ ಒಂದು ದೊಡ್ಡ ಕಂಪನಿಯ ಬಿಟಿ ಹತ್ತಿ ಮಾರಾಟದ ಪರವಾನಗಿಯನ್ನೇ ರದ್ದು ಮಾಡಿತ್ತು. ಆದರೆ ಇದು ಬೀಜದ ಪೂರೈಕೆ, ಗುಣಮಟ್ಟದ ವಿಷಯಕ್ಕೆ ಇರುವ ಅಸ್ತ್ರ. ಜೀನು ಬೇಕೋ ಬೇಡವೋ ಅನ್ನುವ ತೀರ್ಮಾನಕ್ಕೆ ಇದನ್ನು ಬಳಸಿದರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಬೇರೆ ಕಡೆ ಹೇಗೆ ಮಾಡುತ್ತಾರೆ?

ಯುರೋಪಿಯನ್ ಒಕ್ಕೂಟ ನೋಡಿ, ಅಲ್ಲೂ ಇದೇ ತಲೆನೋವು. ಸುರಕ್ಷತೆಯ ಪರೀಕ್ಷೆ ಒಕ್ಕೂಟದ ಮಟ್ಟದಲ್ಲಿ, ಇಟಲಿಯ ಪಾರ್ಮಾದಲ್ಲಿರುವ ಆಹಾರ ಸುರಕ್ಷತಾ ಸಂಸ್ಥೆ ಮಾಡುತ್ತದೆ. ಒಮ್ಮೆ ಒಪ್ಪಿದರೆ ಎಲ್ಲ ದೇಶಕ್ಕೂ ಅನ್ವಯ ಅನ್ನುವುದು ಮೊದಲಿನ ನಿಯಮ. ಆಸ್ಟ್ರಿಯಾದ ಒಂದು ಪ್ರಾಂತ, ಅಪ್ಪರ್ ಆಸ್ಟ್ರಿಯಾ, 2003ರಲ್ಲಿ ತನ್ನ ಪ್ರಾಂತದಲ್ಲಿ ಪೂರ್ತಿ ನಿಷೇಧಕ್ಕೆ ಹೊರಟಿತು. ಒಕ್ಕೂಟದ ಕೋರ್ಟು ಒಪ್ಪಲಿಲ್ಲ. ಜಗಳ ವರ್ಷಗಟ್ಟಲೆ ಎಳೆಯಿತು. ಕೊನೆಗೆ 2015ರಲ್ಲಿ ಕಾನೂನನ್ನೇ ಬದಲಾಯಿಸಿದರು. ಸುರಕ್ಷತೆಯ ಮಾತು ಒಕ್ಕೂಟದ್ದೇ, ಆದರೆ ನೆಲದ ಬಳಕೆ, ರೈತರ ಆರ್ಥಿಕ ಸ್ಥಿತಿ, ಕೃಷಿ ನೀತಿ ಇಂಥ ಕಾರಣ ಕೊಟ್ಟು ಒಂದು ದೇಶ ಅಥವಾ ಪ್ರಾಂತ ನಮ್ಮಲ್ಲಿ ಬೆಳೆಯುವುದು ಬೇಡ ಅನ್ನಬಹುದು. ಹದಿನೇಳು ದೇಶಗಳು ಪೂರ್ತಿಯಾಗಿ ಬೇಡ ಅಂದವು, ಬೆಲ್ಜಿಯಂನ ವಲೋನಿಯಾ, ಆಗ ಒಕ್ಕೂಟದೊಳಗಿದ್ದ ಸ್ಕಾಟ್ಲೆಂಡ್, ವೇಲ್ಸ್‌ನಂಥ ಪ್ರಾಂತಗಳೂ ಬೇಡ ಅಂದವು. ಸ್ಪೇನ್, ಪೋರ್ಚುಗಲ್ ಒಂದು ಬಿಟಿ ಮೆಕ್ಕೆಜೋಳ ಬೆಳೆಯುತ್ತಿವೆ.

ನಮಗೆ ಬೇಕಾದ್ದೂ ಇಂಥದ್ದೇ ಅಂತ ನನ್ನ ಅನಿಸಿಕೆ. ವಿಷವೋ ಅಲ್ಲವೋ ಅನ್ನುವ ಪರೀಕ್ಷೆ ಪ್ರತಿ ರಾಜ್ಯ ಬೇರೆ ಬೇರೆ ಮಾಡುವುದು ದಂಡ. ಆದರೆ ನಮ್ಮ ಮಣ್ಣಿಗೆ, ನಮ್ಮ ಮಾರುಕಟ್ಟೆಗೆ, ನಮ್ಮ ತಳಿಗಳಿಗೆ ಬೇಕಾ ಅನ್ನುವ ಪ್ರಶ್ನೆಗೆ ರಾಜ್ಯವೇ ಉತ್ತರ ಕೊಡಬೇಕು. ಅದು ಕಾಯ್ದೆಯಲ್ಲೇ ಇರಬೇಕು.

ಬೀಜದ ಬೆಲೆ ಯಾರು ನಿಗದಿ ಮಾಡುತ್ತಾರೆ?

ಈಗ ಕೇಂದ್ರ. ಆದರೆ ದಾರಿ ತೋರಿಸಿದ್ದು ರಾಜ್ಯ. ಶುರುವಿನಲ್ಲಿ 450 ಗ್ರಾಂ ಬಿಟಿ ಹತ್ತಿ ಬೀಜದ ಪ್ಯಾಕೆಟ್ಟಿಗೆ 1,600 ರೂಪಾಯಿಗಿಂತ ಜಾಸ್ತಿ ಇತ್ತು. ಅದರಲ್ಲಿ ದೊಡ್ಡ ಪಾಲು ಜೀನಿನ ಒಡೆಯರಿಗೆ ಹೋಗುವ ಶುಲ್ಕ. 2006ರಲ್ಲಿ ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ತಡೆ ಆಯೋಗಕ್ಕೆ ದೂರು ಕೊಟ್ಟು, ಪ್ಯಾಕೆಟ್ಟಿಗೆ 750 ರೂಪಾಯಿ ಅಂತ ಮಾಡಿತು. 2007ರಲ್ಲಿ ಅದಕ್ಕೆ ಅಂತಲೇ ಕಾಯ್ದೆ ತಂದಿತು. ಗುಜರಾತ್, ಮಹಾರಾಷ್ಟ್ರವೂ ಕಾಯ್ದೆ ಮಾಡಿದವು. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಇಡೀ ದೇಶಕ್ಕೆ ಬೆಲೆ ನಿಯಂತ್ರಣ ಆದೇಶ ತಂದು, 2016ಕ್ಕೆ ಬಿಜಿ-2 (ಎರಡು ಬಿಟಿ ಜೀನಿರುವ ಎರಡನೇ ತಲೆಮಾರಿನ ಹತ್ತಿ) ಪ್ಯಾಕೆಟ್ಟಿಗೆ 800 ರೂಪಾಯಿ ನಿಗದಿ ಮಾಡಿತು. ಅದರಲ್ಲಿ ಜೀನಿನ ಶುಲ್ಕ 49 ರೂಪಾಯಿ. ರಾಜ್ಯಕ್ಕೆ ಮನಸ್ಸಿದ್ದರೆ ಏನು ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಬಿಟಿ ಹಾಕಿದರೂ ಗುಲಾಬಿ ಹುಳು ಬರುತ್ತಿದೆ. ಇದಕ್ಕೂ ಸಮಿತಿಗಳಿಗೂ ಏನು ಸಂಬಂಧ?

ನೇರ ಸಂಬಂಧ ಇದೆ. ಹಳೆಯ ಬಿಟಿ ಪ್ಯಾಕೆಟ್ ಒಡೆದಾಗ ಒಳಗೆ 120 ಗ್ರಾಮಿನ ಇನ್ನೊಂದು ಸಣ್ಣ ಪೊಟ್ಟಣ ಇರುತ್ತಿತ್ತು, ನೆನಪಿದೆಯಾ? ಅದು ಬಿಟಿ ಅಲ್ಲದ ಹತ್ತಿ ಬೀಜ. ಹೊಲದ ಸುತ್ತ ಐದು ಸಾಲು ಅಥವಾ ಹೊಲದ ಐದರಲ್ಲಿ ಒಂದು ಪಾಲು ಅದನ್ನು ಹಾಕಬೇಕಿತ್ತು. ಬಿಟಿ ತಿಂದೂ ಬದುಕುವ ಹುಳ ಅಲ್ಲೊಂದು ಇಲ್ಲೊಂದು ಇದ್ದೇ ಇರುತ್ತದೆ. ಹೊಲವೆಲ್ಲ ಬಿಟಿ ಆದರೆ ಅಂಥವೇ ಉಳಿದು ಅಂಥವೇ ಕೂಡಿ, ಮುಂದಿನ ಪೀಳಿಗೆ ಪೂರ್ತಿ ಗಟ್ಟಿಯಾಗುತ್ತದೆ. ಪಕ್ಕದಲ್ಲಿ ಬಿಟಿ ಇಲ್ಲದ ಗಿಡ ಇದ್ದರೆ ಅಲ್ಲಿ ಸಾಮಾನ್ಯ ಹುಳವೂ ಬದುಕಿ ಇವುಗಳ ಜೊತೆ ಕೂಡುತ್ತದೆ, ಆ ಗಟ್ಟಿತನ ನಿಧಾನವಾಗುತ್ತದೆ.

ಆದರೆ ನಡೆದದ್ದೇನು? ಆ ಸಣ್ಣ ಪೊಟ್ಟಣ ಬದುವಿನ ಮೇಲೆ ಬಿತ್ತು, ಇಲ್ಲವೇ ಮನೆಯ ಮೂಲೆ ಸೇರಿತು. ರೈತರನ್ನು ಬೈಯುವುದು ಸುಲಭ. ಹುಳ ತಿನ್ನಲಿ ಅಂತ ಐದನೇ ಒಂದು ಪಾಲು ಹೊಲ ಬಿಡಿ ಅಂದರೆ, ಮೂರು ಎಕರೆ ಇರುವವರು ಹೇಗೆ ಬಿಡುತ್ತಾರೆ? ಯಾಕೆ ಹಾಕಬೇಕು ಅಂತ ಅವರಿಗೆ ಕೂತು ವಿವರಿಸಿದವರು ಎಷ್ಟು ಜನ? ಷರತ್ತು ಹಾಕಿದ್ದು ದಿಲ್ಲಿ, ಪಾಲಿಸಿದ್ದಾರಾ ಅಂತ ನೋಡಬೇಕಿದ್ದದ್ದು ಜಿಲ್ಲೆ, ನೋಡಲು ಜನವೂ ಇಲ್ಲ, ದುಡ್ಡೂ ಇಲ್ಲ. ಗುಲಾಬಿ ಕಾಯಿಕೊರಕ ಮೊದಲ ಬಿಟಿಗೆ ಬಗ್ಗುತ್ತಿಲ್ಲ ಅನ್ನುವುದು 2009-10ರ ಹೊತ್ತಿಗೆ ಗುಜರಾತಿನಲ್ಲಿ ಕಾಣಿಸಿತು. ಕೆಲವೇ ವರ್ಷಗಳಲ್ಲಿ ಬಿಜಿ-2 ಕೂಡ ಸೋತಿತು. ಈಗ ಬಿಟಿ ಅಲ್ಲದ ಬೀಜವನ್ನು ಅದೇ ಪ್ಯಾಕೆಟ್ಟಿನಲ್ಲಿ ಬೆರೆಸಿಯೇ ಕೊಡುವ ಪದ್ಧತಿ ತಂದಿದ್ದಾರೆ. ಮೊದಲೇ ಮಾಡಬಹುದಿತ್ತು.

ಕಳೆನಾಶಕ ಹೊಡೆದರೂ ಸಾಯದ ಹತ್ತಿ ಬೀಜ ಸಿಗುತ್ತದೆ ಅಂತಾರೆ. ತಗೊಳ್ಳಬಹುದಾ?

ಬೇಡ. ಅದಕ್ಕೆ ಒಪ್ಪಿಗೆ ಇಲ್ಲ. ಅರ್ಜಿ ಹಾಕಿದ್ದ ಕಂಪನಿಯೇ 2016ರಲ್ಲಿ ಅರ್ಜಿ ವಾಪಸ್ ತೆಗೆದುಕೊಂಡಿತು, ಆದರೂ ಬೀಜ ಕಳ್ಳದಾರಿಯಲ್ಲಿ ಹರಡಿತು. 2019ರಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯಲ್ಲಿ ಶೇತ್ಕರಿ ಸಂಘಟನೆಯ ರೈತರು ನಮಗೆ ಈ ತಂತ್ರಜ್ಞಾನ ಬೇಕು ಅಂತ ಬಹಿರಂಗವಾಗಿಯೇ ಬಿತ್ತಿದರು. ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ, ಕಳೆ ಕೀಳುವ ಕೂಲಿ ಎಷ್ಟಾಗಿದೆ ಅಂತ ಹತ್ತಿ ಹಾಕಿದವರಿಗೇ ಗೊತ್ತು. ಆದರೆ ಈ ಬೀಜಕ್ಕೆ ಬಿಲ್ ಇಲ್ಲ. ಮೊಳಕೆ ಬರದಿದ್ದರೆ, ಕಾಯಿ ಕಟ್ಟದಿದ್ದರೆ ಯಾರ ಹತ್ತಿರ ಹೋಗುತ್ತೀರಿ? ಪ್ಯಾಕೆಟ್ಟಿನ ಮೇಲೆ ಯಾವ ಕಂಪನಿ ಹೆಸರಿದೆಯೋ ಆ ಕಂಪನಿಯೇ ಇರುವುದಿಲ್ಲ.

ಕಾನೂನಿನ ಕಡೆಯಿಂದ ಒಂದು ಬದಲಾವಣೆ ಆಗಿದೆ. ಮೊದಲು ಪರಿಸರ ಸಂರಕ್ಷಣಾ ಕಾಯ್ದೆ ಮುರಿದರೆ 5 ವರ್ಷದವರೆಗೆ ಜೈಲು ಇತ್ತು. 2024ರ ಏಪ್ರಿಲ್‌ನಿಂದ ಅದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ಆಗಿದೆ.

ಸಾಸಿವೆ ವಿಷಯ ಎಲ್ಲಿಗೆ ಬಂತು?

ದಿಲ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಾಡಿದ ಡಿಎಂಎಚ್-11 ಸಾಸಿವೆಗೆ 2022ರ ಅಕ್ಟೋಬರ್‌ನಲ್ಲಿ ಪರಿಸರ ಬಿಡುಗಡೆಯ, ಅಂದರೆ ಅಂಗಡಿ ಮಾರಾಟಕ್ಕೆ ಮುಂಚಿನ ಹಂತದ, ಒಪ್ಪಿಗೆ ಸಿಕ್ಕಿತು. ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಮಾಡಿದರು. 2024ರ ಜುಲೈ 23ರಂದು ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಪ್ಪಿಗೆಯನ್ನು ರದ್ದು ಮಾಡಿದರು. ನ್ಯಾಯಮೂರ್ತಿ ಸಂಜಯ್ ಕರೋಲ್ ಅದನ್ನು ಎತ್ತಿಹಿಡಿದರು. ಹಾಗಾಗಿ ವಿಷಯ ದೊಡ್ಡ ಪೀಠಕ್ಕೆ ಹೋಯಿತು. ಇಬ್ಬರೂ ಒಪ್ಪಿದ ಮಾತು ಒಂದಿದೆ: ರಾಜ್ಯ ಸರ್ಕಾರಗಳು, ರೈತರ ಪ್ರತಿನಿಧಿಗಳು, ತಜ್ಞರು ಎಲ್ಲರನ್ನೂ ಕೇಳಿ ಕುಲಾಂತರಿ ಬೆಳೆಗೆ ಒಂದು ರಾಷ್ಟ್ರೀಯ ನೀತಿ ಮಾಡಬೇಕು. 1989ರಿಂದ ಇಷ್ಟು ವರ್ಷ ನೀತಿಯೇ ಇಲ್ಲದೆ ಬರೀ ನಿಯಮದ ಮೇಲೆ ನಡೆದುಕೊಂಡು ಬಂದಿದ್ದೇವೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಜೀನ್ ಎಡಿಟಿಂಗ್ ಅಂತ ಹೊಸದು ಬಂದಿದೆಯಲ್ಲ, ಅದಕ್ಕೂ ಇದೇ ನಿಯಮವಾ?

ಎಲ್ಲದಕ್ಕೂ ಅಲ್ಲ. ಹೊರಗಿನ ಜೀನು ಸೇರಿಸದೆ ಗಿಡದ ಜೀನಿನಲ್ಲೇ ಸಣ್ಣ ತಿದ್ದುಪಡಿ ಮಾಡಿದ್ದರೆ 1989ರ ನಿಯಮದ ಮುಖ್ಯ ಭಾಗಗಳಿಂದ ವಿನಾಯಿತಿ ಅಂತ 2022ರ ಮಾರ್ಚ್‌ನಲ್ಲಿ ಕೇಂದ್ರ ಆದೇಶ ಮಾಡಿತು. 2025ರ ಮೇನಲ್ಲಿ ಅಂಥ ಎರಡು ಭತ್ತದ ತಳಿ ಹೊರಬಂದವು, ಒಂದು ಹೈದರಾಬಾದಿನ ಸಂಸ್ಥೆಯ ಕಮಲಾ, ಇನ್ನೊಂದು ದಿಲ್ಲಿಯ ಪೂಸಾ ಸಂಸ್ಥೆಯದು. ಇವು ಜಿಇಎಸಿ ಮುಂದೆ ಹೋಗಬೇಕಿಲ್ಲ, ಹಾಗಾಗಿ ರಾಜ್ಯದ ಎನ್‌ಒಸಿ ಕೇಳುವ ಘಟ್ಟವೇ ಬರುವುದಿಲ್ಲ. ತಂತ್ರಜ್ಞಾನ ಬೇರೆ, ಅಪಾಯ ಕಮ್ಮಿ ಅನ್ನುವ ವಾದದಲ್ಲಿ ಹುರುಳಿದೆ. ಆದರೆ ಭತ್ತ ಬೆಳೆಯುವ ರಾಜ್ಯಗಳನ್ನು ಮಾತಿಗೂ ಕೇಳದೆ ಈ ಗೆರೆ ಎಳೆದದ್ದು ನನಗೆ ಸರಿ ಕಾಣುವುದಿಲ್ಲ.

ಅಡುಗೆ ಎಣ್ಣೆಯಲ್ಲಿ ಕುಲಾಂತರಿ ಇದೆಯಾ?

ಹತ್ತಿಬೀಜದ ಎಣ್ಣೆ ಬಳಸುತ್ತಿದ್ದರೆ ಅದು ಹೆಚ್ಚುಕಮ್ಮಿ ಬಿಟಿ ಹತ್ತಿಯಿಂದಲೇ ಬಂದಿದ್ದು. ಹೊರದೇಶದ ಸೋಯಾ ಎಣ್ಣೆಯಲ್ಲೂ ಕುಲಾಂತರಿ ಸೋಯಾ ಇರುತ್ತದೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಜೀನು, ಪ್ರೋಟೀನು ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕುಲಾಂತರಿ ಆಹಾರದ ಪೊಟ್ಟಣದ ಮೇಲ್ಭಾಗದಲ್ಲಿ ಜಿಎಂ ಅಂತ ಬರೆಯಬೇಕು ಅನ್ನುವ ನಿಯಮ 2013ರ ಜನವರಿಯಿಂದ ಬಂತು. ಅಂಗಡಿಯಲ್ಲಿ ಆ ಅಕ್ಷರ ಹುಡುಕಿ ನೋಡಿ, ಸಿಗುವುದು ಕಷ್ಟ. ಆಹಾರದ ನಿಯಮ ಮಾಡುವುದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ಅಂಗಡಿಗೆ ಹೋಗಿ ಸ್ಯಾಂಪಲ್ ತೆಗೆಯುವುದು ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿ. ಇಲ್ಲೂ ಅದೇ ಕಥೆ.

ನೀವು ಕುಲಾಂತರಿ ಪರವೋ ವಿರೋಧವೋ?

ಎಲ್ಲ ಬೆಳೆಗೂ ಸೇರಿಸಿ ಒಂದೇ ಉತ್ತರ ಕೊಡಲು ನನ್ನಿಂದ ಆಗುವುದಿಲ್ಲ. ಬಿಟಿ ಹತ್ತಿ ಬಂದಮೇಲೆ ಮೊದಲ ವರ್ಷಗಳಲ್ಲಿ ಹಸಿರು ಕಾಯಿಕೊರಕಕ್ಕೆ ಹೊಡೆಯುವ ಔಷಧ ಕಮ್ಮಿ ಆಗಿದ್ದು ನಿಜ. ಅದನ್ನು ಕಾಪಾಡಿಕೊಳ್ಳದೆ ಹಾಳು ಮಾಡಿಕೊಂಡದ್ದೂ ನಿಜ. ನಾನು ವಿರೋಧಿಸುವುದು ಕೇಳದೆ ತರುವುದನ್ನು, ತಂದಮೇಲೆ ತಿರುಗಿ ನೋಡದಿರುವುದನ್ನು.

ನಮ್ಮೂರ ಹತ್ತಿರ ಪ್ರಯೋಗ ನಡೆಯುತ್ತಿದೆ ಅನಿಸಿದರೆ ಏನು ಮಾಡಬೇಕು?

ಮೊದಲು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಬರೆದು ಕೇಳಿ. ಅಲ್ಲಿ ಗೊತ್ತಿಲ್ಲ ಅಂದರೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ, ‘1989ರ ನಿಯಮದಡಿಯ ಜಿಲ್ಲಾ ಮಟ್ಟದ ಸಮಿತಿಯ ಅಧ್ಯಕ್ಷರು’ ಅಂತಲೇ ವಿಳಾಸ ಬರೆಯಿರಿ. ಮಾಹಿತಿ ಹಕ್ಕಿನಲ್ಲಿ ಮೂರು ವಿಷಯ ಕೇಳಿ: ಸಮಿತಿ ಯಾವಾಗ ರಚನೆ ಆಯಿತು, ಕೊನೆಯ ಸಭೆ ಯಾವಾಗ, ಸಭೆಯ ನಡಾವಳಿ ಎಲ್ಲಿ. ರಾಜ್ಯ ಎನ್‌ಒಸಿ ಕೊಟ್ಟಿದ್ದರೆ ಅದರ ಪ್ರತಿಯನ್ನೂ ಕೇಳಿ. ಮಾಹಿತಿ ಕೊಡಲು ಹಿಂದೇಟು ಹಾಕಿದರೆ ಒಂದು ವಿಷಯ ನೆನಪಿಸಿ: ಬಿಟಿ ಬದನೆಯ ವಿಷ, ಅಲರ್ಜಿ ಪರೀಕ್ಷೆಯ ವಿವರ ಗುಟ್ಟಾಗಿಡುವ ಹಾಗಿಲ್ಲ, ಜನರ ಮುಂದೆ ಇಡಿ ಅಂತ 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಊರಿನ ತಳಿಯ ವಿಷಯ ಆದರೆ ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಹೋಗಿ. ಆ ಸಮಿತಿ ಇಟ್ಟುಕೊಳ್ಳಬೇಕಾದ ಜೀವವೈವಿಧ್ಯ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಬದನೆ, ಜೋಳ, ಭತ್ತ, ಅವರೆ ತಳಿಗಳ ಹೆಸರು ಸೇರಿದೆಯಾ ಅಂತ ನೋಡಿ. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಸೇರಿಸಲು ಹೇಳಿ, ಯಾರು ಎಷ್ಟು ವರ್ಷದಿಂದ ಬೀಜ ಉಳಿಸಿದ್ದಾರೆ ಅನ್ನುವುದನ್ನೂ ಬರೆಸಿ. ಬೀಜ ಕೊಂಡಾಗ ಬಿಲ್ಲು, ಖಾಲಿ ಪ್ಯಾಕೆಟ್, ಅದರ ಮೇಲಿನ ಲಾಟ್ ನಂಬರ್ ಕೊಯ್ಲು ಮುಗಿಯುವವರೆಗೆ ಎಸೆಯಬೇಡಿ.